ಮೂರು ರಾತ್ರಿ ನಿದ್ದೆಯಿಲ್ಲದ ಹುಡುಗ



ಈ ಲೇಖನವನ್ನು ಬರೆಯಬೇಕೋ ಬೇಡವೋ ಎಂದು ನಾವು ಬಹಳ ದಿನ ಯೋಚಿಸಿದೆವು. ಬರೆದರೆ ಒಂದು ಮನೆಯ ನೋವು ಊರ ಬಾಯಿಗೆ ಬೀಳುತ್ತದೆ. ಬರೆಯದಿದ್ದರೆ ನಾವು ಮಾಡಿದ ತಪ್ಪನ್ನೇ ಇನ್ನೊಂದು ಮನೆಯವರು ಮಾಡುತ್ತಾರೆ. ಕೊನೆಗೆ ಆ ಮನೆಯವರನ್ನೇ ಕೇಳಿದೆವು. "ಹೆಸ್ರು ಹಾಕ್ಬೇಡಿ ಸ್ವಾಮ್ಯೋರೇ, ಮಿಕ್ಕಿದ್ದೆಲ್ಲಾ ಬರೀರಿ" ಎಂದರು ಆ ತಾಯಿ. ಹುಡುಗನೂ ತಲೆಯಾಡಿಸಿದ. ಹಾಗಾಗಿ ಹೆಸರು, ಬೀದಿ, ಮನೆತನ ಯಾವುದೂ ಇಲ್ಲಿಲ್ಲ. ಯಾರಿರಬಹುದು ಎಂದು ದಯವಿಟ್ಟು ಲೆಕ್ಕ ಹಾಕುತ್ತಾ ಕೂರಬೇಡಿ.

2023ರ ಮಳೆಗಾಲ ಮುಗಿಯುತ್ತಿದ್ದ ಸಮಯ. ನಾವು ಆಗ ಹೊಸೂರು ಕಡೆಯ ಒಂದು ಧರ್ಮಕೇಂದ್ರದಲ್ಲಿದ್ದೆವು. ಅಲ್ಲಿನ ಜನರ ಬದುಕು ನಿಮಗೆ ಗೊತ್ತೇ ಇದೆ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಸಂಬಳಕ್ಕೆ ಅತ್ತಿಬೆಲೆ ಗಡಿ ದಾಟಿ ಬೆಂಗಳೂರು. ಒಂದು ಬುಧವಾರ ಬೆಳಗಿನ ಬಲಿಪೂಜೆ ಮುಗಿಸಿ ಹೊರಬಂದಾಗ ಗುರುನಿವಾಸದ ಮೆಟ್ಟಿಲ ಮೇಲೆ ಒಬ್ಬ ತಾಯಿ, ಪಕ್ಕದಲ್ಲಿ ಅವರ ಮಗ. ಹುಡುಗನಿಗೆ ಇಪ್ಪತ್ತಮೂರರ ಪ್ರಾಯ. ನಮ್ಮ ಗಾಯನ ವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ಗಡಿಯಾಚೆಯ ಕಂಪನಿಯೊಂದರಲ್ಲಿ ಕೆಲಸ.

"ಸ್ವಾಮ್ಯೋರೇ, ನನ್ ಮಗಂಗೆ ದೇವ್ರು ಮಾತಾಡ್ತವ್ರಂತೆ" ಎಂದರು ತಾಯಿ. ಅವರ ದನಿಯಲ್ಲಿ ಅರ್ಧ ಹೆದರಿಕೆ, ಅರ್ಧ ಹೆಮ್ಮೆ.

ಹುಡುಗನ ಕಣ್ಣು ಹೊಳೆಯುತ್ತಿತ್ತು. ಬಹಳ ವೇಗವಾಗಿ ಮಾತನಾಡಿದ. ಎಲ್ಲವೂ ಒಂದೇ ಎಂದು ತನಗೆ ಕಂಡಿದೆ, ತನಗೆ ಒಂದು ಕೆಲಸ ವಹಿಸಲಾಗಿದೆ, ದೇವಾಲಯದ ಧ್ವನಿವರ್ಧಕದಲ್ಲಿ ತನಗೆ ಮಾತ್ರ ಕೇಳುವ ಮಾತು ಬರುತ್ತಿದೆ ಎಂದ. ಮೂರು ರಾತ್ರಿ ಕಣ್ಣು ಮುಚ್ಚಿಲ್ಲವೆಂದು ತಾಯಿ ನಡುವೆ ಹೇಳಿದರು. ಆ ಮಾತನ್ನು ನಾವು ಕೇಳಿಸಿಕೊಂಡೆವು, ಆದರೆ ಗಮನಿಸಲಿಲ್ಲ. ಪ್ರಾರ್ಥನೆಯನ್ನೇ ಮರೆತ ಯುವಕರ ನಡುವೆ ಒಬ್ಬನಾದರೂ ಮಂಡಿಯೂರಿ ಕೂತನಲ್ಲ ಎಂಬ ಸಂತೋಷವೂ, ನಿಜ ಹೇಳಬೇಕೆಂದರೆ, ನಮ್ಮೊಳಗೆ ಸ್ವಲ್ಪ ಇತ್ತು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು, ತೀರ್ಥ ಕೊಟ್ಟೆವು, ಮೂರು ದಿನ ಮನೆಯವರೆಲ್ಲ ಸೇರಿ ಜಪಸರ ಹೇಳಿ ಎಂದು ಕಳುಹಿಸಿದೆವು.

ಆ ರಾತ್ರಿಯೇ ಅವನು ಮನೆಯಿಂದ ಹೊರಟು ಹೆದ್ದಾರಿಗೆ ನಡೆದ. ವಾಹನಗಳು ತನ್ನನ್ನು ಮುಟ್ಟಲಾರವು ಎಂದು ಅವನಿಗೆ ಖಾತ್ರಿಯಾಗಿತ್ತಂತೆ. ಬೆಳಗಿನ ಜಾವ ಒಬ್ಬ ಲಾರಿ ಚಾಲಕ ಬ್ರೇಕ್ ಒತ್ತಿ, ಇಳಿದು ಬಂದು, ಎರಡು ಬೈದು, ಕೈಹಿಡಿದು ರಸ್ತೆ ಬದಿಯ ಚಹಾದಂಗಡಿಯಲ್ಲಿ ಕೂರಿಸಿದ. ಆ ಪುಣ್ಯಾತ್ಮನ ಊರು ಹೆಸರು ನಮಗೆ ಇಂದಿಗೂ ಗೊತ್ತಿಲ್ಲ. ಒಂದು ಸೆಕೆಂಡು ತಡವಾಗಿದ್ದರೆ ನಾವು ಆ ವಾರ ಅಂತ್ಯಕ್ರಿಯೆಯ ಪೂಜೆ ಮಾಡಬೇಕಿತ್ತು.

ಅದೇ ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ನಿಮ್ಹಾನ್ಸ್ ಆಸ್ಪತ್ರೆ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲೇ. ನಮ್ಮೂರ ಹೆಸರಿನ ರಸ್ತೆ, ಎಷ್ಟೋ ಸಲ ಓಡಾಡಿದ ರಸ್ತೆ. ಆದರೂ ಆ ಗೇಟಿನೊಳಗೆ ನಾವು ಹೋದದ್ದು ಅದೇ ಮೊದಲು. "ಅಲ್ಲಿಗೆ ಹೋದವನು" ಎನ್ನುವುದು ನಮ್ಮ ಕಡೆ ಬೈಗುಳ, ನೋಡಿ. ಚಂದಾಪುರ ದಾಟುವವರೆಗೂ ಆ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂತಿದ್ದರು.

ತುರ್ತು ವಿಭಾಗದಲ್ಲಿ ಚಿಕ್ಕ ಪ್ರಾಯದ ವೈದ್ಯೆಯೊಬ್ಬರು ಕನ್ನಡದಲ್ಲೇ ಮಾತನಾಡಿಸಿದರು. ದೇವರು, ಧ್ವನಿ, ದರ್ಶನ ಇವನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು. ನಗಲಿಲ್ಲ, ವಾದಿಸಲೂ ಇಲ್ಲ. ಆಮೇಲೆ ನಾವು ಯಾರೂ ಕೇಳದಿದ್ದುದನ್ನು ಕೇಳಿದರು. ಈಚೆಗೆ ಏನಾದರೂ ಸೇವಿಸಿದ್ದೀಯಾ? ಮೊದಲೇ ಯಾವುದಾದರೂ ಮಾತ್ರೆ ನಡೆಯುತ್ತಿತ್ತಾ? ಮನೆಯಲ್ಲಿ, ಅಪ್ಪನ ಕಡೆ, ಅಮ್ಮನ ಕಡೆ, ಯಾರಿಗಾದರೂ ಇಂಥದ್ದು ಆಗಿತ್ತಾ?

ಮೊದಲ ಎರಡು ಪ್ರಶ್ನೆಗೆ ಹುಡುಗನೇ ಉತ್ತರ ಕೊಟ್ಟ. ಒಂದು ವರ್ಷದಿಂದ ಅವನಿಗೆ ಮನಸ್ಸಿನ ಖಿನ್ನತೆ ಇತ್ತು. ಮನೆಯಲ್ಲಿ ಹೇಳದೆ ಬೆಂಗಳೂರಿನಲ್ಲಿ ವೈದ್ಯರಿಗೆ ತೋರಿಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಜೊತೆಗಾರನೊಬ್ಬ ಫೋನಿನಲ್ಲಿ ವಿಡಿಯೋ ತೋರಿಸಿದ: ಅಣಬೆ ತಿಂದರೆ ಒಂದೇ ದಿನದಲ್ಲಿ ಖಿನ್ನತೆ ವಾಸಿಯಂತೆ, ವಿದೇಶದ ವಿಶ್ವವಿದ್ಯಾಲಯಗಳೇ ಹೇಳಿವೆಯಂತೆ. ಮಾತ್ರೆ ಇದ್ದರೆ ಅಣಬೆ ಹಿಡಿಯುವುದಿಲ್ಲ, ಎರಡು ವಾರ ಮೊದಲೇ ನಿಲ್ಲಿಸು ಎಂದೂ ಅವನೇ ಸಲಹೆ ಕೊಟ್ಟ. ಇವನು ನಿಲ್ಲಿಸಿದ. ಗೆಳೆಯರ ಜೊತೆ ಒಂದು ಗಿರಿಧಾಮಕ್ಕೆ ಹೋದ. ತಿಂದ. ಜೊತೆಯಲ್ಲಿ ತಿಂದ ಇಬ್ಬರು ಮರುದಿನ ಸಲೀಸಾಗಿ ಕೆಲಸಕ್ಕೆ ಹೋದರು. ಇವನು ಮಾತ್ರ ಆ ಗುಡ್ಡದಿಂದ ಪೂರ್ತಿ ಇಳಿದು ಬರಲಿಲ್ಲ.

ಮೂರನೆಯ ಪ್ರಶ್ನೆಗೆ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ನಾವು ಹೊರಗೆ ಹೋಗಬೇಕೇನೋ ಎಂದು ಎದ್ದೆವು. "ಕೂತ್ಕೊಳ್ಳಿ ಸ್ವಾಮ್ಯೋರೇ" ಎಂದು ಹೇಳಿ, ನೆಲ ನೋಡುತ್ತಾ ನುಡಿದರು: "ನನ್ ತಮ್ಮ ಅವ್ನೆ. ಹದಿನಾಕು ವರ್ಸದಿಂದ ಹಿಂದ್ಗಡೆ ರೂಮಲ್ಲೇ ಅವ್ನೆ."

ಆ ಮನೆಗೆ ನಾವು ಮೂರು ವರ್ಷ ಮನೆ ಆಶೀರ್ವಾದಕ್ಕೆ ಹೋಗಿದ್ದೆವು. ಹಿಂದುಗಡೆಯ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. "ಅದ್ರಲ್ಲಿ ಬರೀ ರಾಗಿ ಮೂಟೆ" ಎನ್ನುತ್ತಿದ್ದರು. ನಾವು ಬಾಗಿಲ ಮೇಲೆ ತೀರ್ಥ ಚಿಮುಕಿಸಿ ಮುಂದೆ ಹೋಗುತ್ತಿದ್ದೆವು. ಹುಡುಗನಿಗೆ ಮಾವನಿದ್ದಾನೆ ಎನ್ನುವುದು ಗೊತ್ತಿತ್ತು. ಅದು ಒಂದು ಕಾಯಿಲೆ, ಅದಕ್ಕೆ ಹೆಸರಿದೆ, ಅದು ತನಗೂ ಸಂಬಂಧಿಸಿದ ವಿಷಯ ಎನ್ನುವುದು ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ "ಅವ್ನಿಗೆ ಗಾಳಿ ಮೆಟ್ಟೈತೆ" ಎಂದಷ್ಟೇ ಹೇಳಿ ಬೆಳೆಸಿದ್ದರು.

ಆಮೇಲಿನ ತಿಂಗಳುಗಳಲ್ಲಿ ನಾವು ಈ ವಿಷಯವನ್ನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮಗೂ ಹೇಳಬೇಕು. ಏಕೆಂದರೆ ನಿಮ್ಮ ಮಕ್ಕಳು ಇದರ ಬಗ್ಗೆ ನಿಮಗಿಂತ ಹೆಚ್ಚು ಕೇಳಿದ್ದಾರೆ, ಆದರೆ ಅರ್ಧವನ್ನು ಮಾತ್ರ ಕೇಳಿದ್ದಾರೆ.

ಮಕ್ಕಳ ಬಾಯಲ್ಲಿ ಸ್ಟ್ಯಾಂಪ್, ಆಸಿಡ್ ಎಂದು ಓಡಾಡುವುದು ಎಲ್‌ಎಸ್‌ಡಿ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ 1938ರಲ್ಲಿ ಬಾಸೆಲ್ ನಗರದ ಪ್ರಯೋಗಾಲಯದಲ್ಲಿ ತಯಾರಿಸಿದ್ದು. 1943ರ ಏಪ್ರಿಲ್ 19ರಂದು ಅವರೇ ಸ್ವಲ್ಪ ಸೇವಿಸಿ ನೋಡಿದರು. ಸ್ವಲ್ಪ ಎಂದರೆ ಒಂದು ಮಿಲಿಗ್ರಾಮಿನ ಕಾಲುಭಾಗ. ಸೈಕಲ್ ತುಳಿದು ಮನೆ ಸೇರುವಷ್ಟರಲ್ಲಿ ಲೋಕವೇ ತಿರುಗಿಹೋಗಿತ್ತು. ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಂತೆ ಕಂಡಳು; ತನಗೆ ಹುಚ್ಚು ಹಿಡಿಯಿತು, ತಾನು ಸಾಯುತ್ತಿದ್ದೇನೆ ಎಂದು ನಡುಗಿಹೋದರಂತೆ. ಅವರು ಗಟ್ಟಿಯಾದ ಮನಸ್ಸಿನ ಮನುಷ್ಯ. ಮರುದಿನ ಚೇತರಿಸಿಕೊಂಡರು, 102 ವರ್ಷ ಬದುಕಿದರು. ತಾನೇ ಅಳೆದು, ಏನು ಕುಡಿಯುತ್ತಿದ್ದೇನೆಂದು ತಿಳಿದು ಕುಡಿದವರಿಗೇ ಅಷ್ಟು ಭಯವಾಗಿದ್ದರೆ, ಮನಸ್ಸು ಮೊದಲೇ ನೊಂದಿರುವ ಹುಡುಗನ ಗತಿ ಯೋಚಿಸಿ. ಅಣಬೆಯಲ್ಲಿರುವ ಸಿಲೋಸೈಬಿನ್ ಎಂಬ ವಸ್ತುವನ್ನು 1958ರಲ್ಲಿ ಬೇರ್ಪಡಿಸಿ ತೋರಿಸಿದವರೂ ಅವರೇ. ಅಣಬೆಯ ಪ್ರಭಾವ ನಾಲ್ಕರಿಂದ ಆರು ಗಂಟೆ, ಎಲ್‌ಎಸ್‌ಡಿಯದು ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ಎರಡೂ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಜಾಗಕ್ಕೇ ಹೋಗಿ ಕೂರುತ್ತವೆ.

ಹುಡುಗರು ಹೇಳುವುದು ಪೂರಾ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹೆಂಡದಂತೆ, ಬ್ರೌನ್ ಶುಗರ್‌ನಂತೆ ಇವು ದೇಹಕ್ಕೆ ಚಟ ಹಿಡಿಸುವ ವಸ್ತುಗಳಲ್ಲ. ಔಷಧವಾಗಿ ಉಪಯೋಗಿಸಬಹುದೇ ಎಂದು ದೊಡ್ಡ ಪ್ರಯೋಗಗಳೂ ನಡೆದಿವೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಯಿದ್ದ 233 ಮಂದಿಗೆ ಸಿಲೋಸೈಬಿನ್ ಕೊಟ್ಟು ನೋಡಿದರು. 25 ಮಿಲಿಗ್ರಾಂ ಪಡೆದವರಲ್ಲಿ ಮೂರು ವಾರದ ಹೊತ್ತಿಗೆ ಖಿನ್ನತೆ ಕಡಿಮೆಯಾಗಿತ್ತು. 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಅನುಮತಿ ಪಡೆದ ಮನೋವೈದ್ಯರು ಇದನ್ನು ಕೆಲವು ರೋಗಿಗಳಿಗೆ ಬರೆದುಕೊಡಬಹುದು.

ವಿಡಿಯೋದಲ್ಲಿ ಇಷ್ಟೇ ಇತ್ತು. ಅದರಲ್ಲಿ ಇಲ್ಲದಿದ್ದ ಸಂಗತಿ ಇನ್ನೊಂದಿದೆ. ಇಂಥ ಪ್ರಯೋಗಗಳಿಗೆ ಜನರನ್ನು ಆರಿಸುವಾಗ ಆ ವೈದ್ಯರು ಮೊದಲು ಮಾಡುವ ಕೆಲಸ ಜರಡಿ ಹಿಡಿಯುವುದು. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ತನಗಿದ್ದವರನ್ನು ಮಾತ್ರವಲ್ಲ, ರಕ್ತಸಂಬಂಧದಲ್ಲಿ ಅಂಥ ಕಾಯಿಲೆ ಇರುವವರನ್ನೂ ಸಾಮಾನ್ಯವಾಗಿ ಹೊರಗಿಡುತ್ತಾರೆ. ಎಂದರೆ ಯಾವ ಸಂಶೋಧನೆಯನ್ನು ತೋರಿಸಿ ನಮ್ಮ ಹುಡುಗನಿಗೆ ಅಣಬೆ ತಿನ್ನಿಸಿದರೋ, ಅಂಥ ಸಂಶೋಧನೆಯವರು ಮನೆಯ ವಿಷಯ ಕೇಳಿದ್ದರೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳುಹಿಸುತ್ತಿದ್ದರು. ಒಳಗೆ ಬಿಟ್ಟವರಿಗೂ ಅಳತೆ ಮಾಡಿದ ಔಷಧ, ಪಕ್ಕದಲ್ಲೇ ಕೂತ ತರಬೇತಾದ ಮನುಷ್ಯರು, ಮುಂಚೆ ಮತ್ತು ಆಮೇಲೆ ಮಾತುಕತೆ ಎಲ್ಲ ಇತ್ತು. ಹಳೆಯ ಮಾತ್ರೆಗಳನ್ನು ವೈದ್ಯರೇ ನಿಗಾ ಇಟ್ಟು ಇಳಿಸಿದ್ದರು. ಅಷ್ಟಿದ್ದೂ ಆ 233 ಮಂದಿಯ ಅಧ್ಯಯನದಲ್ಲಿ ಕೆಲವರಿಗೆ ಸಾಯುವ ಯೋಚನೆ, ತಮಗೆ ತಾವೇ ಗಾಯ ಮಾಡಿಕೊಳ್ಳುವುದು ಕಾಣಿಸಿಕೊಂಡಿತು ಎಂದು ಅವರೇ ಬರೆದಿದ್ದಾರೆ. ಗುಡ್ಡದ ಮೇಲಿನ ಬಾಡಿಗೆ ಕೋಣೆಯಲ್ಲಿ ಯಾರಿದ್ದರು? ಅದನ್ನೇ ತಿಂದ ಇನ್ನಿಬ್ಬರು.

ನೂರು ಜನರಲ್ಲಿ ಸುಮಾರು ಒಬ್ಬರಿಗೆ ಸ್ಕಿಜೋಫ್ರೇನಿಯಾ ಬರುತ್ತದೆ. ತಂದೆ ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ನೂರಕ್ಕೆ ಸುಮಾರು ಹತ್ತು ಮಂದಿಗೆ ಬರಬಹುದು. ಮಾವನಿಗಿದ್ದರೆ ಅಷ್ಟಿಲ್ಲ, ಆದರೂ ಬೇರೆಯವರಿಗಿಂತ ಹೆಚ್ಚು. ಹಾಗೆಂದರೆ ಬಹುಪಾಲು ಮಂದಿಗೆ ಬರುವುದೇ ಇಲ್ಲ ಎಂದೂ ಅರ್ಥ. ಯಾರೂ ಹೆದರಿ ಮದುವೆ ಸಂಬಂಧ ಮುರಿಯಬೇಕಾಗಿಲ್ಲ. ಆದರೆ ಕಾಯಿಲೆ ಹೆಚ್ಚಾಗಿ ತಲೆಯೆತ್ತುವುದು ಹದಿನೆಂಟರಿಂದ ಮೂವತ್ತರ ಆಸುಪಾಸಿನಲ್ಲಿ, ಈ ಅಣಬೆ ಸ್ಟ್ಯಾಂಪುಗಳು ಕೈಗೆ ಬರುವ ಪ್ರಾಯದಲ್ಲೇ. ವೈದ್ಯೆ ನಮಗೆ ಹೇಳಿದ್ದು ಹೀಗೆ: "ಫಾದರ್, ಒಣಹುಲ್ಲಿನ ಬಣವೆ ತನ್ನಷ್ಟಕ್ಕೆ ತಾನು ಎಷ್ಟೋ ವರ್ಷ ಇರುತ್ತೆ. ಅದರ ಹತ್ತಿರ ಬೆಂಕಿಕಡ್ಡಿ ಗೀರಬಾರದು." ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮಾಡಿದ ಒಂದು ಅಧ್ಯಯನ 2024ರಲ್ಲಿ ಬಂತು. ಇಂಥ ಭ್ರಾಂತಿಕಾರಕಗಳನ್ನು ಸೇವಿಸಿ ತುರ್ತು ಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಮೂರೇ ವರ್ಷದೊಳಗೆ ಸ್ಕಿಜೋಫ್ರೇನಿಯಾ ಎಂದು ಗೊತ್ತಾಯಿತು. ಸಾಮಾನ್ಯ ಜನರಿಗೆ ಹೋಲಿಸಿದರೆ ಅದು ಇಪ್ಪತ್ತು ಪಟ್ಟಿಗೂ ಹೆಚ್ಚು. ಬೇರೆ ಚಟ, ಮೊದಲೇ ಇದ್ದ ಮಾನಸಿಕ ತೊಂದರೆಗಳನ್ನು ಲೆಕ್ಕದಿಂದ ಕಳೆದರೂ ಮೂರೂವರೆ ಪಟ್ಟು ಉಳಿಯಿತು. ಎಲ್ಲರಿಗೂ ಅದರಿಂದಲೇ ಕಾಯಿಲೆ ಬಂತು ಎಂದು ಆ ಅಧ್ಯಯನ ಹೇಳುವುದಿಲ್ಲ. ಅವರು ಆಸ್ಪತ್ರೆಗೆ ಬರುವ ಮಟ್ಟಕ್ಕೆ ಹೋದವರು ಎಂಬುದನ್ನೂ ನೆನಪಿಡಬೇಕು. ನಮ್ಮ ಹುಡುಗನೂ ಅಂಥವನೇ ಆಗಿದ್ದ.

ನಮ್ಮ ಹುಡುಗ ರಸ್ತೆಗೆ ಇಳಿದ ಕೆಲವೇ ವಾರಗಳಿಗೆ, 2023ರ ಅಕ್ಟೋಬರ್ 22ರಂದು, ಅಮೆರಿಕದಲ್ಲಿ ಒಂದು ಸಂಗತಿ ನಡೆಯಿತು. ಕರ್ತವ್ಯದಲ್ಲಿ ಇಲ್ಲದ ಪೈಲಟ್ ಒಬ್ಬ ವಿಮಾನದ ಚಾಲಕರ ಕೋಣೆಯಲ್ಲಿ ಕೂತು ಪಯಣಿಸುತ್ತಿದ್ದವನು, ಆಕಾಶದಲ್ಲೇ ಎಂಜಿನ್ ಆರಿಸುವ ಹಿಡಿಗಳಿಗೆ ಕೈ ಹಾಕಿದ. ವಿಮಾನದಲ್ಲಿ 80ಕ್ಕೂ ಹೆಚ್ಚು ಜನರಿದ್ದರು. ಉಳಿದ ಇಬ್ಬರು ಪೈಲಟ್‌ಗಳು ತಡೆದರು, ವಿಮಾನ ಪೋರ್ಟ್‌ಲ್ಯಾಂಡಿನಲ್ಲಿ ಇಳಿಯಿತು. ಆತ ಸ್ನೇಹಿತನನ್ನು ಕಳೆದುಕೊಂಡ ದುಃಖದಲ್ಲಿದ್ದ, ಖಿನ್ನತೆಯಿಂದ ಬಳಲುತ್ತಿದ್ದ, ಎರಡು ದಿನ ಮುಂಚೆ ಅಣಬೆ ತಿಂದಿದ್ದ, ಆಮೇಲೆ ನಿದ್ದೆ ಮಾಡಿರಲಿಲ್ಲ. ತಾನು ಕನಸಿನಲ್ಲಿದ್ದೇನೆ, ಎಚ್ಚರಗೊಳ್ಳಬೇಕು ಎಂದುಕೊಂಡಿದ್ದನಂತೆ. ಆ ಸುದ್ದಿ ಓದಿದಾಗ ನಮಗೆ ಹೆದ್ದಾರಿಯ ನಡುವೆ ನಿಂತ ನಮ್ಮ ಹುಡುಗನೇ ಕಣ್ಣಿಗೆ ಬಂದ. ಗುಂಗು ಇಳಿಯಲು ಆರು ಗಂಟೆ ಎಂದು ಹೇಳುವುದು ಎಲ್ಲರಿಗೂ ಹೊಂದುವ ಲೆಕ್ಕವಲ್ಲ.

ಮಾತ್ರೆಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರಬಹುದು. ಹಳೆಯ ಕಾಯಿಲೆಯೂ ಮರಳಿ ಬರಬಹುದು. ಬೈಪೋಲಾರ್ ಇರುವವರಿಗೆ ಉನ್ಮಾದ ಕೆರಳುವ ಅಪಾಯವಿದೆ. ಅವರು ಲಿಥಿಯಂ ಮಾತ್ರೆ ನುಂಗುತ್ತಿದ್ದರೆ ಇನ್ನೂ ಕಷ್ಟ: ಲಿಥಿಯಂ ಜೊತೆ ಎಲ್‌ಎಸ್‌ಡಿ ಅಥವಾ ಅಣಬೆ ಸೇವಿಸಿದವರೇ ಬರೆದುಕೊಂಡ ಅನುಭವಗಳನ್ನು ಸಂಶೋಧಕರು ಒಟ್ಟು ಮಾಡಿ ನೋಡಿದಾಗ, ಸುಮಾರು ಅರ್ಧದಷ್ಟರಲ್ಲಿ ಫಿಟ್ಸ್ ಬಂದಿತ್ತು. ಇದರ ಮೇಲೆ ಬೀದಿ ಮಾಲಿನ ಮೋಸ ಬೇರೆ. ಎಲ್‌ಎಸ್‌ಡಿ ಎಂದು ಮಾರುವ ಕಾಗದದಲ್ಲಿ ಎನ್‌ಬಾಮ್ ಎಂಬ ಬೇರೆಯೇ ವಿಷ ಇದ್ದು ಜನ ಸತ್ತದ್ದುಂಟು. ಕಾಡಣಬೆ, ನಾಯಿಕೊಡೆಗಳಲ್ಲಿ ಕೆಲವು ಯಕೃತ್ತನ್ನೇ ಹಾಳುಮಾಡುತ್ತವೆ. ನಮ್ಮ ಅಜ್ಜಿಯರು ಹುತ್ತದ ಅಣಬೆಯನ್ನು ಎರಡು ಸಲ ತಿರುಗಿಸಿ ನೋಡದೆ ಸಾರಿಗೆ ಹಾಕುತ್ತಿರಲಿಲ್ಲ. ಆ ಎಚ್ಚರ ಈ ಓದಿದ ಮಕ್ಕಳಿಗೆ ಏಕಿಲ್ಲವೋ.

ಈಗ ನಮ್ಮ ತಪ್ಪಿನ ಬಗ್ಗೆ. ಗುರುಮಠದಲ್ಲಿ ನಮಗೆ ಮನಃಶಾಸ್ತ್ರದ ಪಾಠ ಇತ್ತು, ಪರೀಕ್ಷೆಯೂ ಇತ್ತು, ಒಳ್ಳೆಯ ಅಂಕವೂ ಬಂದಿತ್ತು. ಅವಿಲಾದ ಸಂತ ತೆರೇಸಾ 16ನೇ ಶತಮಾನದಲ್ಲಿಯೇ ಬರೆದದ್ದನ್ನೂ ಓದಿದ್ದೆವು. ಸ್ವತಃ ದರ್ಶನಗಳನ್ನು ಕಂಡ ಆಕೆ, ಮನಸ್ಸು ಕುಗ್ಗಿ ಕಾಯಿಲೆಯಲ್ಲಿರುವವರು ತಮಗೆ ದೈವವಾಣಿ ಕೇಳಿಸಿತು ಎಂದರೆ ಅದಕ್ಕೆ ಮಹತ್ವ ಕೊಡಬೇಡಿ, ಅದು ಸೈತಾನನದೆಂದು ಹೇಳಿ ಹೆದರಿಸಲೂ ಬೇಡಿ, ರೋಗಿಯ ಮಾತನ್ನು ಕೇಳುವಂತೆ ಕೇಳಿ ಎಂದು ಸಲಹೆ ಕೊಟ್ಟಿದ್ದಾರೆ. ಇಷ್ಟು ಗೊತ್ತಿದ್ದೂ ಎದುರಿಗೆ ಹುಡುಗ ಬಂದು ಕೂತಾಗ ನಾವು ಊಟ ಮಾಡಿದೆಯಾ, ನಿದ್ದೆ ಬಂತಾ ಎಂದು ಕೇಳಲಿಲ್ಲ. ಈ ವಸ್ತುಗಳು ಕೊಡುವ ಭ್ರಮೆ ಬಹಳ ಸಲ ದೇವರ ವೇಷದಲ್ಲೇ ಬರುತ್ತದೆ. ಆದ್ದರಿಂದಲೇ ಮನೆಯವರು ಅವನನ್ನು ಮೊದಲು ಆಸ್ಪತ್ರೆಗಲ್ಲ, ನಮ್ಮ ಬಳಿಗೆ ತಂದರು. ನಾವು ಅಂದು ಪ್ರಾರ್ಥಿಸಿದ್ದು ತಪ್ಪಲ್ಲ. ಪ್ರಾರ್ಥಿಸಿ ಮನೆಗೆ ಕಳುಹಿಸಿದ್ದು ತಪ್ಪು. ಜೊತೆಯಲ್ಲಿ ಕಾರು ಹತ್ತಬೇಕಿತ್ತು.

ಎಷ್ಟೋ ಮನೆಯವರು ಆಸ್ಪತ್ರೆಗೆ ಹೋಗಲು ಹೆದರುವುದು ಪೊಲೀಸರ ಕಾರಣಕ್ಕೆ. ಎಲ್‌ಎಸ್‌ಡಿ, ಸಿಲೋಸೈಬಿನ್ ಎರಡೂ ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಎಲ್‌ಎಸ್‌ಡಿ ವಿಷಯದಲ್ಲಿ ಕಾಲು ಗ್ರಾಮೂ ಬೇಡ, ಗ್ರಾಮಿನ ಹತ್ತನೇ ಒಂದು ಭಾಗವೇ ಕಾನೂನಿನ ಕಣ್ಣಿಗೆ ವ್ಯಾಪಾರದ ಪ್ರಮಾಣ. ಆದರೆ ಅದೇ ಕಾನೂನಿನ 64ಎ ವಿಧಿಯಲ್ಲಿ, ಚಟದಿಂದ ಬಿಡಿಸಿಕೊಳ್ಳಲು ತಾನಾಗಿ ಚಿಕಿತ್ಸೆಗೆ ಬಂದವನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆಯೂ ಇದೆ. ರೋಗಿಯ ಗುಟ್ಟನ್ನು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾನೂನು ಹೇಳುತ್ತದೆ. ಏನು ತಿಂದ ಎಂದು ವೈದ್ಯರಿಗೆ ಹೇಳದಿದ್ದರೆ ಅವರು ಕತ್ತಲಲ್ಲಿ ಔಷಧ ಹುಡುಕಬೇಕಾಗುತ್ತದೆ. ಹಳೆಯ ಮಾತ್ರೆಗಳ ಪಟ್ಟಿ ಇದ್ದರೆ ಕೈಯಲ್ಲಿ ಹಿಡಿದೇ ಹೋಗಿ. ಹೋಗುವವರೆಗೆ ಹುಡುಗನನ್ನು ಗದ್ದಲವಿಲ್ಲದ ಕಡೆ ಇರಿಸಿ, ಒಬ್ಬರು ಪಕ್ಕದಲ್ಲೇ ಇರಿ. ಹೊಡೆಯಬೇಡಿ, ಕಟ್ಟಿಹಾಕಬೇಡಿ, ಅವನ ಮಾತು ಸುಳ್ಳೆಂದು ಸಾಧಿಸಲು ಹೋಗಬೇಡಿ. ಮೈ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಸಾಯುವ ಮಾತಾಡಿದರೆ 108ಕ್ಕೆ ಫೋನ್ ಮಾಡಿ. ಯಾರನ್ನು ಕೇಳುವುದೆಂದೇ ತೋಚದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416, ಹಣ ಖರ್ಚಿಲ್ಲ. ಗಡಿಯ ಈಚೆ ಇರುವ ನಮ್ಮಂಥವರಿಗೆ ಮುಖ್ಯವಾದ ಮಾತು: ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಮನಸ್ಸಿನ ಸಂಕಟವನ್ನು ಕಲಿತ ಭಾಷೆಯಲ್ಲಿ ಹೇಳುವುದು ಬಹಳ ಕಷ್ಟ. ಆ ತಾಯಿ ತಮ್ಮನ ವಿಷಯವನ್ನು ಬೇರೆ ಭಾಷೆಯಲ್ಲಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲವೆಂದೇ ನಮ್ಮ ಅನಿಸಿಕೆ.

ಹುಡುಗ ಸುಮಾರು ಮೂರು ವಾರ ಆಸ್ಪತ್ರೆಯಲ್ಲಿದ್ದ. ಅಣಬೆಯಿಂದ ಬಂದು ಹೋಗುವ ವಿಕಾರವೋ, ಒಳಗಿದ್ದ ಕಾಯಿಲೆ ಹೊರಬಂದದ್ದೋ ಎಂದು ತಕ್ಷಣ ಹೇಳಲಾಗದು, ತಿಂಗಳುಗಟ್ಟಲೆ ನೋಡಬೇಕು ಎಂದರು ವೈದ್ಯರು. ಈಗಲೂ ನೋಡುತ್ತಿದ್ದಾರೆ. ಮಾತ್ರೆಯಿಂದ ಸ್ವಲ್ಪ ದಪ್ಪಗಾಗಿದ್ದಾನೆ, ಬೆರಳು ಮೊದಲಿನಷ್ಟು ಚುರುಕಿಲ್ಲವೆಂದು ಬೇಸರಪಡುತ್ತಾನೆ. ಕಳೆದ ಕ್ರಿಸ್ತಜಯಂತಿಗೆ ಕೀಬೋರ್ಡ್ ಮುಂದೆ ಕೂತ. ಎರಡು ಗೀತೆ ಚೆನ್ನಾಗಿ ನುಡಿಸಿದ, ಮೂರನೆಯದರಲ್ಲಿ ತಪ್ಪಿ, ಸುಮ್ಮನೆ ಎದ್ದು ಹೊರಗೆ ಹೋದ. ಧ್ವನಿವರ್ಧಕದ ಪಕ್ಕ ಕೂರಲು ಅವನಿಗೆ ಇನ್ನೂ ಅಂಜಿಕೆ. ಗಾಯನ ವೃಂದದವರು ಅದನ್ನು ಎತ್ತಿ ಕಂಬದ ಆಚೆ ಇಟ್ಟಿದ್ದಾರೆ.

ಅವನು ಆಸ್ಪತ್ರೆಯಿಂದ ಬಂದ ಮುಂದಿನ ವರ್ಷ ನಾವು ಆ ಮನೆಗೆ ಆಶೀರ್ವಾದಕ್ಕೆ ಹೋದಾಗ ಹಿಂದುಗಡೆಯ ಕೋಣೆಯ ಬಾಗಿಲು ತೆರೆದಿತ್ತು. ರಾಗಿ ಮೂಟೆಗಳೂ ನಿಜವಾಗಿಯೇ ಇದ್ದವು, ಗೋಡೆಗೆ ಒರಗಿಸಿ. ಕಿಟಕಿಯ ಬಳಿ ಮಂಚದ ಮೇಲೆ, ಹೊಸದಾಗಿ ಕ್ಷೌರ ಮಾಡಿಸಿಕೊಂಡ ಮಾವ ಕೂತಿದ್ದರು. ಅವರಿಗೂ ಈಗ ಅಳಿಯನ ಜೊತೆಯಲ್ಲೇ ತಿಂಗಳಿಗೊಮ್ಮೆ ಬೆಂಗಳೂರಿನ ಬಸ್ಸು. ನಾವು ತೀರ್ಥ ಚಿಮುಕಿಸಿದಾಗ ಮುಖ ಒರೆಸಿಕೊಂಡು, ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಸ್ವಾಮಿ, ಬೀಡಿ ಐತಾ?" ಎಂದರು. ಹುಡುಗ ನಕ್ಕುಬಿಟ್ಟ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದನ್ನು ನಾವು ಅಂದೇ ನೋಡಿದ್ದು.